ಹೊಸ ಹಿಡಿತದ ಸೋಪು

ಅಚ್ಚಿನ ಕೋಣೆಯಿಂದ,
ಶನಿವಾರ, ಹದಿನಾಲ್ಕನೇ ತಾರೀಖು, ಊಟದ ಬಿಡುವು

ಪ್ರೀತಿಯ ಅಕ್ಕಾ,

ಇಲ್ಲ ಕಣಕ್ಕಾ, ನಾನು ಬರ್ಕೊಡಲ್ಲ. ನಿನ್ನ ಕತ್ತುನೋವು ಹೇಗಿದೆ? ಇಡೀ ದಿನ ಕಂಪ್ಯೂಟರ್ ಮುಂದೆ ಬಗ್ಗಿ ಕೂರಬೇಡ ಅಂತ ಅಮ್ಮ ಹೇಳ್ತಾನೇ ಇರ್ತಾಳೆ. ನಾವಿಬ್ಬರೂ ಚೆನ್ನಾಗಿದ್ದೀವಿ. ಈಗ ಜಗಳಕ್ಕೆ ಬರ್ತೀನಿ.

ದೇಶಕ್ಕೆಲ್ಲ ಬಡ್ಡಿ ಗೊತ್ತು ಮಾಡೋ ನಿಮ್ಮ ಬ್ಯಾಂಕಿನ ಗವರ್ನರ್ ಸಾಹೇಬರು ನಿವೃತ್ತಿ ಆಗ್ತಿದ್ದಾರೆ, ಅವರ ಅಭಿನಂದನಾ ಪುಸ್ತಕ ನೀನೇ ಮಾಡ್ತಿದ್ದೀಯ, ಸಂತೋಷ. ಆದ್ರೆ ಅದಕ್ಕೆ ಜನಸಾಮಾನ್ಯನ ಮಾತೊಂದು ಬೇಕು, "ನಿಮ್ಮ ಕಾರ್ಖಾನೆ ಸೋಪು ಆರು ವರ್ಷದಿಂದ ಅದೇ ಬೆಲೆ ಅಲ್ವೇನೋ, ಸಾಹೇಬರ ಹಿಡಿತ ಅಂದ್ರೆ ಅದು, ಎರಡು ಸಾಲು ಗೀಚಿ ಹೆಸರು ಹಾಕು" ಅಂತ ಬರ್ದಿದ್ದೀಯಲ್ಲ, ನನ್ನ ಜಗಳ ಅದಕ್ಕೇ.

ಬೆಲೆ ಅದೇ, ನಿಜ. ಸೋಪು ಅದೇನಾ? ನನ್ನ ಕಪಾಟಿನಲ್ಲಿ ನಾಲ್ಕು ಅಚ್ಚಿವೆ, ನಾಲ್ಕೂ ನನ್ನ ಕೈಯವೇ. ಮೊದಲನೇದು ಸಪಾಟು. ಎರಡನೇದರ ನಡುವೆ ಒಂದು ಉಬ್ಬು ಬಿಟ್ಟೆ. ಅಚ್ಚಿನಲ್ಲಿ ಉಬ್ಬಿದ್ರೆ ಸೋಪಿನ ಹೊಟ್ಟೇಲಿ ಹಳ್ಳ. ಹಳ್ಳದಷ್ಟು ಮಾಲು ಉಳೀತು. ಬೆರಳು ಜಾರಲ್ಲ ಬಿಡಿ ಅಂತ ನಾನೇ ತಮಾಷೆಗೆ ಅಂದಿದ್ದಕ್ಕೆ ಯಜಮಾನರು ಹೊದಿಕೆ ಮೇಲೆ 'ಈಗ ಹೊಸ ಹಿಡಿತ!' ಅಂತ ದಪ್ಪಕ್ಷರದಲ್ಲಿ ಹಾಕಿಸಿದ್ರು. ತೂಕಾನೂ ಹಾಕಿಸಿದ್ರು, ಇರುವೆ ಕಾಲಿನಷ್ಟು ಅಕ್ಷರದಲ್ಲಿ. ನಿಮ್ಮದೂ ಹಿಡಿತ, ನಮ್ಮದೂ ಹಿಡಿತ.

ಅವರು ಬಡ್ಡಿ ಏರಿಸದಿದ್ರೆ ಬೆಲೆ ಇನ್ನೂ ಹಾರ್ತಿತ್ತು ಅಂತೀಯ. ಇರಬಹುದು, ಹತ್ತನೇ ಕ್ಲಾಸಿಗೇ ಓದು ಬಿಟ್ಟವನಿಗೆ ಅಷ್ಟೆಲ್ಲ ತಿಳಿಯಲ್ಲ. ಆದ್ರೆ ಬಡ್ಡಿ ಏರಿದ ತಿಂಗಳೇ ಯಜಮಾನರು ಬಂದು, "ಮಿಷಿನ್ ಕಂತು ಜಾಸ್ತಿ ಆಯ್ತು ಮರಿ, ಬೆಲೆ ಮುಟ್ಟಿದ್ರೆ ಅಂಗಡಿಯವನು ಮಾಲು ಎತ್ತಲ್ಲ, ಇನ್ನೊಂಚೂರು ಉಬ್ಬಿಸು" ಅಂದ್ರು. ಮುಂದಿನ ವರ್ಷ ಮತ್ತೆ ಅದೇ ಮಾತು. ಆ ಹಳ್ಳದಲ್ಲಿ ನನ್ನ ಬೆರಳಿದೆ, ಯಜಮಾನರದ್ದಿದೆ, ನಿಮ್ಮ ಸಾಹೇಬರದ್ದೂ ಇದೆ. ನಾವಿಬ್ಬರು ಸನ್ಮಾನ ಮಾಡಿಸ್ಕೊಳ್ತಿಲ್ಲ, ಅಷ್ಟೇ.

ಅಮ್ಮ ನನ್ನನ್ನೇ ಬೈತಾಳೆ, "ಎಮ್ಮೆ ತೊಳೆದ ಹಾಗೆ ಉಜ್ಜಿ ಉಜ್ಜಿ ಸೋಪೆಲ್ಲ ನೀನೇ ಕರಗಿಸ್ತೀಯಲ್ಲೋ" ಅಂತ. ಹಳ್ಳದ ಗುಟ್ಟು ಅವಳಿಗೆ ಇನ್ನೂ ಹೇಳಿಲ್ಲ. ಮೊನ್ನೆ ಉಳಿತಾಯ ಆಗ್ಲಿ ಅಂತ ಸೋಪನ್ನ ಚಾಕುವಿನಲ್ಲಿ ಎರಡು ಮಾಡೋಕೆ ಹೋದಳು, ಹಳ್ಳದ ಹತ್ರ ಪುಡಿಪುಡಿಯಾಯ್ತು. "ವಯಸ್ಸಾಯ್ತು, ನನ್ನ ಕೈಯೇ ನೆಟ್ಟಗಿಲ್ಲ" ಅಂದಳು. ಪುಡಿಯನ್ನೆಲ್ಲ ನಾನೇ ಗುಡಿಸಿ ತೆಗೆದೆ ಅಕ್ಕಾ.

ಭಾವನಿಗೆ ನನ್ನ ನಮಸ್ಕಾರ ಹೇಳು, ಜಗಳ ನಿನ್ನ ಜೊತೆ ಮಾತ್ರ. ಕತ್ತಿಗೆ ಬಿಸಿನೀರಿನ ಶಾಖ ಕೊಟ್ಕೊ.

ನಿನ್ನ
ಮೊಂಡ

ತಾ.ಕ.: ಯಜಮಾನರು ಈಗಷ್ಟೇ ಐದನೇ ಅಚ್ಚಿನ ನಕ್ಷೆ ತಂದಿಟ್ರು. ಹಳ್ಳ ಇನ್ನೊಂದು ಬದಿಗೂ ಬೇಕಂತೆ. ಆಗಲ್ಲ ಅಂದೆ. "ಹಾಗಾದ್ರೆ ಬೀಗದ ಕೈ ಇಟ್ಟು ಹೋಗು" ಅಂದ್ರು. ಕೆಲಸ ಹೋಗಿದ್ದು, ಅವಳ ಕೈ ನೆಟ್ಟಗಿರೋದು, ಎರಡನ್ನೂ ಅಮ್ಮನಿಗೆ ನಾನೇ ಹೇಳ್ತೀನಿ. ಮೊದಲ ಅಚ್ಚಿನ ಸೋಪೊಂದು ಉಳಿದಿತ್ತು, ಅದನ್ನೂ ನಾಲ್ಕನೇದನ್ನೂ ಜೊತೆಗೆ ಕಳಿಸ್ತಿದ್ದೀನಿ. ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ನೋಡು, ಆಮೇಲೆ ಪುಸ್ತಕಕ್ಕೆ ಏನು ಬೇಕಾದ್ರೂ ಹಾಕ್ಕೊ. ನನ್ನ ಹೆಸರು ಬೇಡ. ಬೀಗದ ಕೈ ಮೇಜಿನ ಮೇಲಿಟ್ಟೆ. ಇನ್ನು ಬಾಗಿಲು ಎಳ್ಕೊಂಡು ಹೊರಡೋದಷ್ಟೇ.