ಗಲ್ಲಕ್ಕೆ ಹಚ್ಚಿದ ಬಿಳಿ ಪುಡಿ

ನೆಲೋಗಿ, ೧೯೯೪

ಗೆಳತಿ ತುಳಜಾ,

ನೀನು ತೀರಿಕೊಂಡು ಆರು ವರ್ಷವಾಯಿತು. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು ಅನ್ನಿಸಿತು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳ ಅಕ್ಷರ, ನಗಬೇಡ.

ತೊಗರಿ ಬೀಜಕ್ಕೆ ಹುಳ ಹತ್ತದಂತೆ ನಾವಿಬ್ಬರೂ ಬರಿಗೈಯಲ್ಲಿ ಔಷಧದ ಬಿಳಿ ಪುಡಿ ಕಲಸುತ್ತಿದ್ದುದು ನೆನಪಿದೆಯಾ? ನಿನ್ನ ಮದುವೆ ಗೊತ್ತಾದ ದಿನ ಅದೇ ಪುಡಿಯನ್ನು ನಿನ್ನ ಎರಡೂ ಗಲ್ಲಕ್ಕೆ ಪೌಡರಿನಂತೆ ಹಚ್ಚಿದೆ. "ಅಫಜಲಪುರದ ಗಂಡ ಹೆದರ್ತಾನ ಬೇ!" ಎಂದು ನೀನು ನಕ್ಕು ನಕ್ಕು ಬೀಜದ ರಾಶಿಯ ಮೇಲೇ ಕೂತೆ. ಆ ನಗು ಈಗಲೂ ಕೇಳಿಸುತ್ತದೆ.

ಆ ಪುಡಿಯ ಡಬ್ಬಿಯಲ್ಲಿ ಇಷ್ಟು ವರ್ಷ ಸೂಜಿ ದಾರ ಇಟ್ಟಿದ್ದೆ. ಹಳೆಯ ಔಷಧದ ಡಬ್ಬಿ ಇದ್ದವರು ತರಬೇಕೆಂದು ಹೇಳಿದ್ದರು, ಇವತ್ತು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಜೇವರ್ಗಿಯ ರೈತರ ಸಭೆಗೆ ಹೋದೆ. ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಕಂಪ್ಯೂಟರಿನಿಂದ ತೆಗೆದ ಹೊಲದ ಔಷಧಗಳ ಪಟ್ಟಿ ತಂದಿದ್ದಳು. ಔಷಧದ ಅಣುವಿನ ರಚನೆ ಕೊಟ್ಟರೆ ಕಂಪ್ಯೂಟರು ಹಳೆಯ ವಿಷಗಳೊಂದಿಗೆ ಹೋಲಿಸಿ, ಅದು ಹೆತ್ತವರಿಂದ ಮಕ್ಕಳಿಗೆ ಇಳಿಯುವ ವಂಶವಾಹಿಯನ್ನು ಕೆಡಿಸುತ್ತದೋ ಇಲ್ಲವೋ ಹೇಳುತ್ತದಂತೆ. ನನ್ನ ಡಬ್ಬಿಯ ಮೇಲಿನ ಔಷಧದ ಹೆಸರು ಓದಿ ಪಟ್ಟಿ ನೋಡಿದಳು.

"ಕೆಡಿಸ್ತದ ಅಂತ ಬಂದದ್ರಿ. ಖಾತ್ರಿ ಅಲ್ಲ, ಅಂದಾಜು."

"ಹುಟ್ಟೋ ಕೂಸಿಗಿ ತಾಗ್ತದೇನ್ರಿ?"

"ಅದನ್ನ ಇದು ಹೇಳಂಗಿಲ್ರಿ ಅವ್ವಾ."

ಉಳಿಯದ ನಿನ್ನ ಮೂರು ಕೂಸುಗಳು ನೆನಪಾದವು. ಅವು ಹೋದಾಗ ಒಂದು ಸಲವೂ ನಾನು ಅಫಜಲಪುರಕ್ಕೆ ಬರಲಿಲ್ಲ. ಬಸ್ಸು ಇತ್ತು.

ಅವಳು ಪುಡಿ ಮುಟ್ಟಿದವರ ಹೆಸರು ಬರೆದುಕೊಂಡಳು. ನನ್ನದು ಹೇಳಿದೆ, ನಿನ್ನದೂ ಹೇಳಿದೆ. ನಿನ್ನ ಗಲ್ಲಕ್ಕೆ ಹಚ್ಚಿದ ಕೈ ಯಾರದೆಂದು ಅವಳು ಕೇಳಲಿಲ್ಲ.

ನಿನ್ನ
ನಿಂಬೆವ್ವ