ಅತ್ತೆಮ್ಮನ ಕೊನೆಯ ಹಾರಾಟ

ಮಾರ್ಚ್ ೧೪, ಶುಕ್ರವಾರ

ಕುಳ್ಳಿಯ ಅಪ್ಪನಿಗೆ,

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಬೈದುಕೊಂಡಿರುತ್ತೀರಿ, ಬೈಯಿರಿ. ಬರೆಯಲು ಕೂತಾಗಲೆಲ್ಲ ‘ಕ್ಷೇಮ’ ಎಂಬ ಪದದ ಹತ್ತಿರ ಪೆನ್ನು ನಿಂತುಬಿಡುತ್ತಿತ್ತು. ಮಂಡಿನೋವು ಹೇಗಿದೆ? ನಿಮ್ಮ ಅಕ್ಕ ಕೊಡುವ ಎಣ್ಣೆ ಹಚ್ಚಿಕೊಳ್ಳಿ, ಜಂಬ ಮಾಡಬೇಡಿ. ಇಲ್ಲಿ ಅಡುಗೆಮನೆಯ ನಲ್ಲಿ ಮತ್ತೆ ಸೋರುತ್ತಿದೆ. ನೀವು ರಿಪೇರಿ ಮಾಡಿದ್ದೇ ಸೋರುತ್ತಿರುವುದು ಎಂದರೆ ಕೋಪ ಮಾಡಿಕೊಳ್ಳಬಾರದು.

ವಿಷಯಕ್ಕೆ ಬರುತ್ತೇನೆ. ಅತ್ತೆಮ್ಮ ಇನ್ನೊಂದು ಸಲ ಹೋಗಿಬಂದಳು. ಆ ಹೆಸರು ಕಂಡರೆ ಕಾಗದ ಮಡಿಸಿಡುತ್ತೀರೆಂದು ಗೊತ್ತು, ದಯವಿಟ್ಟು ಮಡಿಸಬೇಡಿ. ನಮ್ಮ ಶೆಡ್ಡಿನ ಅತಿ ಹಳೆಯ ರಾಕೆಟ್ಟಿಗೆ ಆ ಹೆಸರಿಟ್ಟವಳು ನಮ್ಮ ಕುಳ್ಳಿಯೇ ಅಲ್ಲವೇ? “ಹೋದ್ಲು ಅಂತ ಎಲ್ರೂ ಉಸ್ಸಪ್ಪಾ ಅನ್ನೋಷ್ಟ್ರಲ್ಲಿ ಚೀಲ ಹಿಡ್ಕೊಂಡು ವಾಪಸ್ ಬಂದ್‌ಬಿಡ್ತಾಳೆ” ಎಂದು ನಿಮ್ಮ ಅಮ್ಮನ ಎದುರಿಗೇ ಹೇಳಿ ಅವರನ್ನೂ ನಗಿಸಿದ್ದಳು.

ಹಿಂದೆಲ್ಲ ರಾಕೆಟ್ ಒಮ್ಮೆ ಹಾರಿದರೆ ಮುಗಿಯಿತು, ಸಮುದ್ರದ ಪಾಲು. ಈಗಿನವು ಬೆಂಕಿಯ ಮೇಲೆ ಕೂತು ನೆಟ್ಟಗೆ ಇಳಿದುಬರುತ್ತವೆ. ನಾವು ಮಸಿ ಒರೆಸಿ, ತಟ್ಟಿ ನೋಡಿ, ಮತ್ತೆ ಕಳಿಸುತ್ತೇವೆ. ಟಿಕೆಟ್ ಅಗ್ಗವಾಗುತ್ತಿರುವುದೇ ಅದರಿಂದ. ಕಳೆದ ಸಲ ಮೇಲೆ ಹೋದವರಲ್ಲಿ ಒಬ್ಬ ದರ್ಜಿಯಿದ್ದ, ನಿವೃತ್ತಿಯಾದ ಟೀಚರ್ ಒಬ್ಬರಿದ್ದರು. ಕುಳ್ಳಿ ಇದ್ದಿದ್ದರೆ ಕುಣಿದಾಡುತ್ತಿದ್ದಳು. “ದುಡ್ಡಿದ್ದೋರೇ ಯಾಕೆ ಹೋಗ್ಬೇಕು? ನಾನೂ ಒಂದ್ಸಲ ಹೋಗ್ಬರ್ತೀನಿ ನೋಡ್ತಿರು” ಎನ್ನುತ್ತಿದ್ದಳಲ್ಲ. ಹಳೆಯ ಕಾಲದ ರಾಕೆಟ್ ಆಗಿದ್ದರೆ, ಅವಳ ಜೀವ ತೆಗೆದ ಮೇಲೆ ಒಮ್ಮೆ ಹಾರಿ ಮುಳುಗಿಹೋಗಿರುತ್ತಿತ್ತು. ಇದು ಬರುತ್ತಲೇ ಇದೆ.

ಈ ಸಲ ಅದರ ಹೊಟ್ಟೆಯೊಳಗಿನ ಆ ಚಿಕ್ಕ ಕೋಣೆಯನ್ನು ಪರೀಕ್ಷೆ ಮಾಡಬೇಕಿತ್ತು. ಅವತ್ತು ಕುಳ್ಳಿ ಕೆಲಸಕ್ಕೆಂದು ತೂರಿದಾಗ ಕೊಳವೆ ಸೋರಿ ನೈಟ್ರೋಜನ್ ತುಂಬಿಕೊಂಡಿದ್ದ ಅದೇ ಕೋಣೆ. ವಾಸನೆಯಿಲ್ಲ, ಕೆಮ್ಮಿಲ್ಲ, ನಿದ್ದೆ ಬಂದ ಹಾಗೆ ಹೋದಳು ಎಂದು ಡಾಕ್ಟರು ಹೇಳಿದ್ದರಲ್ಲ, ಅಲ್ಲಿ. ಒಳಗಿಂದ ಯಾರೋ ತಟ್ಟುತ್ತಾರೆಂದು ಶೆಡ್ಡಿನ ತುಂಬ ಪುಕಾರು, ಹಾಗಾಗಿ ಒಬ್ಬರೂ ಮುಂದೆ ಬರಲಿಲ್ಲ. ಆ ಸದ್ದು ನಾನೂ ಕೇಳಿದ್ದೇನೆ. ಕಾದ ಲೋಹ ಆರುವಾಗ ಹಾಗೆ ಟಕಟಕ ಎನ್ನುತ್ತದೆ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತ ನಾನೇ ಹೊರಟೆ.

ಮೇಸ್ತ್ರಿ ತಡೆದ. “ಬೇಡ ಅಕ್ಕಾ, ನೀವ್ ಮಾತ್ರ ಬೇಡ.”

“ಮತ್ಯಾರು? ನಿನ್ ಹೊಟ್ಟೆ ತೂರುತ್ತೇನೋ ಈ ಕಿಂಡೀಲಿ?” ಎಂದೆ. ಕುಳ್ಳಿಯದು ನನ್ನದೇ ಗಾತ್ರ ತಾನೆ. ಗಾಳಿ ಅಳೆಯುವ ಯಂತ್ರವನ್ನು ಎದೆಗೆ ಕಟ್ಟಿಕೊಂಡು ತೂರಿದೆ.

ಒಳಗೆ ಏನಿತ್ತು ಎಂದು ಕೇಳುತ್ತೀರಿ. ಏನೂ ಇರಲಿಲ್ಲ. ಕೊಳವೆಗಳು, ತಂತಿಗಳು, ಹೊಸದಾಗಿ ಬಳಿದ ಬಣ್ಣ. ಅವಳು ಒರಗಿದ್ದ ಜಾಗದಲ್ಲಿ ಒರಗಿ ಕೂತೆ. ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿತ್ತು. “ಕುಳ್ಳೀ” ಎಂದೆ, ಮೆಲ್ಲಗೆ. ಗೋಡೆಗಳು ಆ ಹೆಸರನ್ನು ಸುತ್ತಾಡಿಸಿ ವಾಪಸ್ ಕೊಟ್ಟವು. ಆ ದನಿ ನನ್ನದು ಎಂದು ಆಣೆ ಇಟ್ಟು ಹೇಳಲಾರೆ.

“ಯಾರ್ ಜೊತೆ ಮಾತಾಡ್ತಿದ್ದೀರಾ ಅಕ್ಕಾ?” ಹೊರಗಿಂದ ಮೇಸ್ತ್ರಿ ಕೂಗಿದ.

“ಕೆಲ್ಸ ಮಾಡಕ್ಕೆ ಬಿಡಪ್ಪಾ.”

ನಾನು ಹೊರಗೆ ಬಂದು ನಿಂತರೂ ಅವನು ಕಿಂಡಿಯನ್ನೇ ನೋಡುತ್ತಿದ್ದ, ಇನ್ನೊಬ್ಬರು ಬರುವುದು ಬಾಕಿಯಿದೆ ಎಂಬಂತೆ. ಆಮೇಲೆ ತನಗೇ ನಾಚಿಕೆಯಾಗಿ ನೀರು ತರುತ್ತೇನೆಂದು ಹೋದ.

ಈಗ ನೀವು ಕಾಯುತ್ತಿದ್ದ ಸುದ್ದಿ. ಮುಂದಿನ ಹಾರಾಟವೇ ಅತ್ತೆಮ್ಮನಿಗೆ ಕೊನೆಯದು. ಹೊರೆ ಹೆಚ್ಚು, ಇಳಿಯಲು ಇಂಧನ ಉಳಿಯುವುದಿಲ್ಲ, ಸಮುದ್ರಕ್ಕೆ ಬಿಡುತ್ತಾರಂತೆ. ಇಂಜಿನಿಯರಮ್ಮ ತಾವೇ ಬಂದು ಹೇಳಿ, “ಇನ್ಮೇಲಾದ್ರೂ ನಿಮಗೆ ನೆಮ್ಮದಿ” ಎಂದು ಕೈ ಹಿಡಿದುಕೊಂಡರು. ಅದು ಮುಳುಗಿದ ದಿನ ಮನೆಗೆ ಬರುತ್ತೇನೆಂದು ಹೇಳಿ ಹೋದವರು ನೀವು. ಕೋಣೆ ಗುಡಿಸಿದ್ದೇನೆ, ದಿಂಬಿನ ಕವರು ಬದಲಿಸಿದ್ದೇನೆ.

ಅಕ್ಕನಿಗೆ ನಮಸ್ಕಾರ, ಅವರ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ನೂರು ಕಾಲ ಬಾಳಲಿ ಎನ್ನಿ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮವಳು,
ಕುಳ್ಳಿಯ ಅಮ್ಮ

ಮತ್ತೆ, ಸೋಮವಾರ:
ಪತ್ರವನ್ನು ಇನ್ನೂ ಅಂಚೆಗೆ ಹಾಕಿರಲಿಲ್ಲ. ಇವತ್ತು ಇಂಜಿನಿಯರಮ್ಮನ ಹತ್ತಿರ ಹೋಗಿ, ಆ ಹೊರೆಯನ್ನು ಬೇರೆ ರಾಕೆಟ್ಟಿಗೆ ಹಾಕಿ ಎಂದು ಕೇಳಿದೆ. “ನೀವಾ ಹೀಗ್ ಹೇಳ್ತಿರೋದು?” ಎಂದರು. ನಾನೇ. “ಮುಳುಗಿಸ್ಬೇಡಿ ಅಮ್ಮಾ, ಅವಳಿಗೆ ಈಜಕ್ಕೆ ಬರಲ್ಲ” ಎಂದುಬಿಟ್ಟೆ. ಬಾಯಿಂದ ಹೇಗೆ ಬಂತೋ. ಅವರು ಹಾರಾಟದ ಪಟ್ಟಿ ತೆರೆದು ನೋಡಿ, ಒಪ್ಪಿದರು. ಹಾಗಾದರೆ ನೀವು ಬರುವುದಿಲ್ಲ. ಅದು ಗೊತ್ತಿದ್ದೇ ಕೇಳಿದೆ.