ಬೇಡವಾದ ಹಳದಿ ತಂತಿ

ಓಲ್ದಾ,

ನಿನ್ನೆ ಬ್ರನೋ ನಗರದಲ್ಲಿ ನಮ್ಮ ಹಳೆ ಕಂಪ್ಯೂಟರ್ ಪ್ರಿಯರ ಕೂಟ ಸೇರಿತ್ತು. ಅದೇ ಬಿಯರ್ ಅಂಗಡಿಯ ಹಿಂದಿನ ಕೋಣೆ, ಬೆಸುಗೆಯ ಹೊಗೆಯ ಜೊತೆ ಕರಿದ ಚೀಸಿನ ವಾಸನೆ. ನೀನು ತೀರಿಕೊಂಡ ಮೇಲೆ ನಾನು ಹೋದದ್ದು ಇದೇ ಮೊದಲು.

ಹೊಸದಾಗಿ ಸೇರಿದ ರಾಡಿಮ್ ನೀನು ಮನೆಯಲ್ಲೇ ರೂಪಿಸಿದ್ದ ಮೆಮೊರಿ ಬೋರ್ಡನ್ನು ಮತ್ತೆ ಮಾಡಿ ಎಲ್ಲರಿಗೂ ಹಂಚಿದ. "ಬೋರ್ಡಿನ ಮೇಲಿನ ಒಂದು ತಾಮ್ರದ ಗೆರೆ ತಪ್ಪು ಜಾಗಕ್ಕೆ ಹೋಗಿತ್ತು, ಸರಿ ಮಾಡಿದೀನಿ. ಇನ್ಮೇಲೆ ಅದನ್ನ ಸರಿದೂಗಿಸೋಕೆ ಮೇಲಿಂದ ಬೆಸೀತಿದ್ದ ಆ ಹಳದಿ ತಂತಿ ಬೇಡ" ಎಂದ.

ವ್ಲಾಸ್ತಾ ಬಿಯರ್ ಲೋಟ ಕುಕ್ಕಿದಳು. "ಸರಿ ಮಾಡು ಅಂತ ನಿಂಗೆ ಯಾರಪ್ಪಾ ಹೇಳಿದ್ದು? ಇಷ್ಟು ವರ್ಷ ಆ ತಪ್ಪನ್ನ ಜೋಪಾನವಾಗಿ ಇಟ್ಕೊಂಡು ಬಂದಿದ್ವಿ!"

"ತಪ್ಪನ್ನ ಯಾರಾದ್ರೂ ಇಟ್ಕೊಳ್ತಾರಾ?"

"ಓಲ್ದಾ ಮಾಡಿದ್ದಾದ್ರೆ ಇಟ್ಕೊಳ್ತಾರೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ತಪ್ಪನ್ನು ಮೊದಲು ತೋರಿಸಿದ್ದು ನಾನು. ನೀನು ಒಂದು ವಾರ ಮುಖ ಊದಿಸಿಕೊಂಡಿದ್ದು, ಆಮೇಲೆ ಮನೆ ಬಾಗಿಲಿಗೇ ಬಂದು ಹಳದಿ ತಂತಿ ಚಾಚಿದೆ. "ಯಾರ್ಮಿಲಾ, ನೀನೇ ಬೆಸುಗೆ ಹಾಕ್ಕೊಡೇ. ನನ್ನ ಕೈ ನಡುಗುತ್ತೆ, ನಿಂದು ನಡುಗಲ್ಲ." ಅಲ್ಲಿಂದ ಮುಂದೆ ನೀನು ಮಾಡಿದ ಪ್ರತಿ ಬೋರ್ಡೂ ಆ ತಂತಿಗಾಗಿ ನನ್ನ ಮನೆಗೆ ಬಂತು. ಗೆರೆ ತಿದ್ದುವುದು ನಿನಗೆ ಅರ್ಧ ಗಂಟೆಯ ಕೆಲಸ. ನೀನು ತಿದ್ದಲಿಲ್ಲ, ನಾನೂ ಯಾಕೆಂದು ಕೇಳಲಿಲ್ಲ.

ಮನೆಗೆ ಬಂದು ನನ್ನ ಹಳೆ ಕಂಪ್ಯೂಟರಿಗೆ ರಾಡಿಮನ ಬೋರ್ಡು ಹಾಕಿದೆ. ತಂತಿಯಿಲ್ಲದೆಯೇ ಕಂಪ್ಯೂಟರ್ ತಟ್ಟನೆ ಎದ್ದಿತು. ಆರಿಸಿ, ಬೋರ್ಡು ಹೊರಗೆ ತೆಗೆದು, ನಿನ್ನ ಬೋರ್ಡುಗಳಲ್ಲಿ ಬೆಸೆಯುತ್ತಿದ್ದ ಅದೇ ಎರಡು ಬಿಂದುಗಳ ನಡುವೆ ಹಳದಿ ತಂತಿಯೊಂದನ್ನು ಬೆಸೆದೆ.

ಓಲ್ದಾ, ಈ ಸಲ ನನ್ನ ಕೈಯೂ ನಡುಗಿತು.